ಕಲ್ಲಿನ ಜೊತೆ ಬಂದವರು

ಕಡಲಿನಿಂದ ತಂದ ಕಲ್ಲೊಂದನ್ನು ಅಕ್ವೇರಿಯಂಗೆ ಇಳಿಸಿದರು. ಅದರ ಬಿರುಕಿನಲ್ಲಿ ಹೂವಿನಂತೆ ಕಾಣುವ, ಅನಿಮೋನ್ ಎಂಬ ಕಡಲಜೀವಿಯೊಂದು ಅಡಗಿ ಬಂದಿತ್ತು. ತೊಟ್ಟಿಯ ಕಾವಲು ತನ್ನದೇ ಎಂದುಕೊಂಡಿದ್ದ ಏಡಿ ಕೇಳಿತು, "ಯಾರಯ್ಯಾ ನೀನು? ನಿನ್ನನ್ನು ಕರೆದವರು ಯಾರು?"

"ಯಾರೂ ಕರೆಯಲಿಲ್ಲ ಸ್ವಾಮಿ. ನಾನು ಕೂತಿದ್ದ ಕಲ್ಲನ್ನೇ ಎತ್ತಿಕೊಂಡು ಬಂದರು."

"ಹಾಗಾದರೆ ನಿನಗಿಲ್ಲಿ ಜಾಗವಿಲ್ಲ."

ಪಕ್ಕದಲ್ಲಿ ಪಾಚಿ ಮೇಯುತ್ತಿದ್ದ ಬಸವನಹುಳು ಹೇಳಿತು, "ಸ್ವಲ್ಪ ತಾಳಿ ಏಡಿಯವರೇ. ಇದು ಯಾವ ಜಾತಿಯ ಅನಿಮೋನ್ ಎಂದು ಮೊದಲು ಗುರುತಿಸೋಣ. ಕೆಲವನ್ನು ಕತ್ತರಿಸಿದರೆ ಹೆಚ್ಚಾಗುತ್ತವೆ."

"ಗುರುತು ಆಮೇಲೆ," ಎಂದು ಏಡಿ ಅನಿಮೋನನ್ನು ಚೂರು ಚೂರು ಮಾಡಿತು.

ಒಂದೊಂದು ಚೂರೂ ಒಂದೊಂದು ಅನಿಮೋನ್ ಆಗಿ ಬೆಳೆಯಿತು. ಏಡಿ ಅವನ್ನೂ ಕತ್ತರಿಸಿತು. ಕೊನೆಗೆ ತೊಟ್ಟಿಯಲ್ಲಿ ಅದಕ್ಕೆ ಕಾಲಿಡಲು ಒಂದೇ ಮೂಲೆ ಉಳಿಯಿತು. ಆಗ ಅನಿಮೋನ್‌ಗಳೆಲ್ಲ ಸಭೆ ಸೇರಿ ಕೇಳಿದವು, "ಯಾರಯ್ಯಾ ನೀನು? ನಿನ್ನನ್ನು ಕರೆದವರು ಯಾರು?"

"ನಾನು ಹಿಂದಿನ ಕಲ್ಲಿನ ಜೊತೆ ಬಂದವನು," ಎಂದು ಏಡಿ ತೊದಲಿತು. "ಸ್ವಲ್ಪ ತಾಳಿ. ನಾನು ಯಾರೆಂದು ಬಸವನಹುಳುವನ್ನು ಕೇಳಿ, ಅದು ಗುರುತಿಸುತ್ತದೆ."

"ಗುರುತು ಆಮೇಲೆ," ಎಂದು ಅನಿಮೋನ್‌ಗಳು ಕುಟುಕುವ ಎಳೆಗಳನ್ನು ಚಾಚಿದವು.