ಒಲೆಯ ಮೇಲಿದ್ದ ತೆನೆ

"ಅಜ್ಜಿ, ಬಿಸಿಲಿನ ಕರೆಂಟಿನಲ್ಲಿ ತರಕಾರಿ ತಣ್ಣಗಿಡುವ ಪೆಟ್ಟಿಗೆ ಮಾಡಿದ್ದೇನೆ. ಒಂದು ಮನೆಯಲ್ಲಿಟ್ಟು ಆರು ತಿಂಗಳು ನೋಡಿದೆ. ಅಳೆದದ್ದೆಲ್ಲ ಸರಿಯಾಗಿದೆ. ನೂರು ಪೆಟ್ಟಿಗೆಗೆ ಅಚ್ಚು ಮಾಡಿಸು ಎಂದು ಜೊತೆಯವರು ಅವಸರ ಮಾಡುತ್ತಾರೆ. ಅಚ್ಚು ಆದ ಮೇಲೆ ಬದಲಿಸಲು ಬರುವುದಿಲ್ಲ. ಮುಂದೆ ಹೋಗಲೇ, ನಿಲ್ಲಲೇ? ನನಗೊಂದೂ ತಿಳಿಯುತ್ತಿಲ್ಲ" ಎಂದು ಶಿಷ್ಯೆ ಕೇಳಿದಳು.

ಅವಳಿಗೆ ಮಣ್ಣಿನ ಒಲೆ ಕಟ್ಟುವುದನ್ನು ಕಲಿಸಿದ್ದ ಅಜ್ಜಿ ಹೇಳಿದಳು: "ನಿಂತುಕೊಂಡೇ ಕೇಳಿದರೆ ನಿಂತಲ್ಲೇ ಮರೆತುಹೋಗುತ್ತದೆ. ಕೂತ್ಕೋ ಮಗಳೇ. ಆ ಫೋನನ್ನು ಬೋರಲು ಹಾಕು. ಹೂಂ, ಈಗ ಕೇಳು."

ಒಬ್ಬ ಒಲೆಗಾರನಿದ್ದ. ಅವನ ತಾಯಿ ಹೊಗೆ ಕುಡಿದು ಕುಡಿದು ಉಸಿರು ಕಟ್ಟಿ ಸತ್ತಳು. ಹೊಗೆಯಿಲ್ಲದ ಒಲೆ ಮಾಡಿಯೇ ತೀರುತ್ತೇನೆ ಎಂದು ಅವನು ಹಟ ಹಿಡಿದ. ಆರು ಒಲೆ ಕಟ್ಟಿ ಒಡೆದ. ಏಳನೆಯದು ಕೈಗೆ ಬಂತು. ಹೊಗೆಯೆಲ್ಲ ಕೊಳವೆ ಹಿಡಿದು ಸೂರಿನಾಚೆ ಹೋಯಿತು.

ಪಕ್ಕದ ಊರಿನವರು, "ಮೊದಲು ಒಂದು ಮನೆಗೆ ಹಾಕು. ವರ್ಷ ಕಳೆದು ಆ ಮನೆಯಾಕೆ ಒಳ್ಳೆಯದು ಅಂದರೆ ಎಲ್ಲರೂ ಹಾಕಿಸಿಕೊಳ್ಳುತ್ತೇವೆ" ಎಂದರು. ಅವನು ಒಬ್ಬ ರೈತ ಹೆಂಗಸಿನ ಮನೆಗೆ ಹಾಕಿದ. ಅವಳಿಗೂ ಕೆಮ್ಮಿತ್ತು.

ತಿಂಗಳಿಗೊಮ್ಮೆ ಬಂದು ನೋಡುತ್ತಿದ್ದ. ಸೌದೆ ತೂಗಿದ, ಅರ್ಧಕ್ಕೆ ಇಳಿದಿತ್ತು. ಗೋಡೆ ಸವರಿದ, ಬೆರಳಿಗೆ ಮಸಿ ಹತ್ತಲಿಲ್ಲ. ಅವಳ ಕೆಮ್ಮೂ ನಿಂತಿತ್ತು. ಎಲ್ಲ ನೋಡಿದ, ಪಾಪ. ತಲೆ ಎತ್ತಿ ಮಾತ್ರ ನೋಡಲಿಲ್ಲ.

ವರ್ಷ ತುಂಬಿದ ದಿನ ಊರಿನವರನ್ನು ಕರೆದುಕೊಂಡು ಬಂದ. ಅವನ ಒಲೆ ತಣ್ಣಗಿತ್ತು. ಅವಳು ಅದರ ಪಕ್ಕದಲ್ಲೇ ಮೂರು ಕಲ್ಲು ಹೂಡಿ, ಕೆಮ್ಮುತ್ತ ರೊಟ್ಟಿ ಬೇಯಿಸುತ್ತಿದ್ದಳು.

ಎಲ್ಲರೆದುರು ಅವನ ಮುಖ ಸಣ್ಣದಾಯಿತು. "ಏನಕ್ಕಾ, ಕೆಮ್ಮನ್ನು ಬಿಟ್ಟಿರಲಾಗಲಿಲ್ಲವೇನು?" ಎಂದ.

ಅವಳು ಎದ್ದು, ಮೇಲೆ ಜಂತೆಗೆ ಕಟ್ಟಿದ್ದ ಜೋಳದ ತೆನೆಯೊಂದನ್ನು ಎಳೆದು ಕೊಡವಿದಳು. ಹಿಟ್ಟು ಉದುರಿತು, ನುಸಿ ಉದುರಿತು. ಆ ಊರಿನಲ್ಲಿ ಬೀಜದ ತೆನೆಗಳನ್ನು ಒಲೆಯ ಮೇಲೆಯೇ ಕಟ್ಟುತ್ತಿದ್ದರು. ಹೊಗೆ ತಾಗಿದ ತೆನೆಗೆ ನುಸಿ ಬರುತ್ತಿರಲಿಲ್ಲ.

"ನಿನ್ನ ಒಲೆ ನನ್ನ ಎದೆ ಉಳಿಸಿತು ತಮ್ಮಾ, ಬೀಜ ಉಳಿಸಲಿಲ್ಲ. ಉಳಿದ ನಾಲ್ಕು ತೆನೆಗೆ ಹೊಗೆ ಹಾಕುತ್ತಿದ್ದೇನೆ."

"ಹಾಗಾದರೆ ಹೊಗೆ ಇರಬೇಕೋ, ಹೋಗಬೇಕೋ?"

"ನನ್ನನ್ನು ಕೇಳಿದರೆ? ಒಲೆ ಮಾಡುವವನು ನೀನು."

ಊರಿನವರು ಹೊರಟುಹೋದರು. ಅವನು ಅಲ್ಲೇ ಕೂತ. ಒಮ್ಮೆ ಕೊಳವೆ ನೋಡಿದ, ಒಮ್ಮೆ ತೆನೆ ನೋಡಿದ. ತಾಯಿಯನ್ನು ಕೊಂದದ್ದೂ ಹೊಗೆ, ಊರಿನ ಬೀಜ ಕಾದದ್ದೂ ಹೊಗೆ. ಯಾವುದರ ಮೇಲೆ ಸಿಟ್ಟಾಗಬೇಕು ಎಂದೇ ಅವನಿಗೆ ತಿಳಿಯಲಿಲ್ಲ.

ಆಮೇಲೆ ಏನಾಯಿತು ಅಂತೀಯಾ? ಆ ಹೆಂಗಸು ತವರಿನಿಂದ ಬೀಜ ತಂದು ಬಿತ್ತಿದಳು. ಊರಿನವರು ಸಂತೆಯಲ್ಲಿ ಬೇರೊಬ್ಬನ ಹೊಗೆಯಿಲ್ಲದ ಒಲೆ ಕೊಂಡರು, ಅವರ ತೆನೆಗೂ ನುಸಿ ಬಂತು. ಈಗ ಅವುಗಳೊಳಗೆ ಕೋಳಿ ಮೊಟ್ಟೆ ಇಡುತ್ತವೆ. ಒಲೆಗಾರ ಮೂರು ವರ್ಷ ಅವಳ ಅಡುಗೆಮನೆಗೆ ಹೋಗಿ ಬಂದು ಮಾಡಿದ. ಹೊಗೆ ಹೋಗುವ ದಾರಿಯಲ್ಲೇ ತೆನೆಗೊಂದು ಗೂಡು ಕಟ್ಟಿದ. ಮೊದಲ ಸಲ ತೆನೆ ಸುಟ್ಟುಹೋದವು. ಎರಡನೆಯ ಸಲ ಇಟ್ಟ ಬೀಜ ಹೊಲದಲ್ಲಿ ಮೊಳೆಯಿತು. ಅವಳು ಈಗಲೂ ಆ ಒಲೆಯಲ್ಲೇ ರೊಟ್ಟಿ ಮಾಡುತ್ತಾಳೆ. ಕೆಮ್ಮಿಲ್ಲ.

"ಹಾಗಾದರೆ ನಾನು ನಿಲ್ಲಬೇಕೇ ಅಜ್ಜಿ?" ಎಂದು ಶಿಷ್ಯೆ ಕೇಳಿದಳು.

"ನಿನ್ನ ಪೆಟ್ಟಿಗೆ ಇಟ್ಟಿದ್ದೀಯಲ್ಲ, ಆ ಮನೆಯ ಆ ಮೂಲೆಯಲ್ಲಿ ಮೊದಲು ಏನಿತ್ತು, ಹೇಳು?"