ಕಾಗೆ ಕೊಟ್ಟ ಎಣಿಕೆ

ಏಪ್ರಿಲ್ ಮೂರು. ಮೋಡವಿಲ್ಲದ ಬಿಸಿಲು. ನಾಲ್ಕು ದಿನ ಬೇರೆ ಕೆರೆಗೆ ಹೋಗಿದ್ದ ನೀರುಕೋಳಿ ಮರಳಿ ಬಂದಾಗ ತಾನು ವಾಸವಿದ್ದ ಜೊಂಡು ಇರಲಿಲ್ಲ.

"ನನ್ನ ಮನೆ ಎಲ್ಲಿ, ಕೆರೆಯಕ್ಕ?"

"ನನ್ನ ಬಳಿ ಯಾರು ಬರುತ್ತಾರೆಂದು ತಿಳಿಯುವ ಆಸೆಯಾಯಿತು, ತಂಗಿ. ಕಾಗೆಯನ್ನು ಕೇಳಿದೆ. ಬರುವವರೆಲ್ಲ ಜಿಂಕೆಗಳು, ಅವಕ್ಕೆ ಜೊಂಡು ಹಿಡಿಸುವುದಿಲ್ಲ ಎಂದಿತು. ಕೀಳಲು ಅದನ್ನೇ ಬಿಟ್ಟೆ."

"ಎಣಿಸಿದ್ದು ಹೇಗಂತೆ?"

"ದಾರಿಯಲ್ಲಿನ ಗೊರಸಿನ ಗುರುತು ನೋಡಿ."

"ಆ ದಾರಿ ಹೊಳೆಗೆ ಹೋಗುತ್ತದಲ್ಲ. ದಿನವೂ ನಿನ್ನ ಮಡಿಲಲ್ಲಿದ್ದವಳು ನಾನು. ನನ್ನನ್ನೇ ಕೇಳಬಾರದಿತ್ತೆ?"

"ಜಿಂಕೆ ಒಂದೂ ಬರಲಿಲ್ಲ. ಸಂಜೆಯಾದರೆ ನಿನ್ನ ಕೂಗಿಗೇ ಕಿವಿಗೊಟ್ಟಿರುತ್ತೇನೆ."

"ಎಣಿಸಿದ್ದಕ್ಕೆ ಕಾಗೆಗೆ ಏನು ಕೊಟ್ಟೆ?"

"ಕಿತ್ತ ಜೊಂಡಷ್ಟನ್ನೂ. ಗೂಡು ಕಟ್ಟುತ್ತಿತ್ತಂತೆ."