ಹುಣಸೆ ಎಲೆ ಕೈ ಜೋಡಿಸಿದ್ದು

ಮಕ್ಕಳೇ, ಮೊದಲೇ ಕ್ಷಮೆ ಕೇಳಬೇಕು. ಈ ಕಥೆ ಹೇಳುವವನಿಗೆ ಇದೇ ಮೊದಲ ಕಥೆ. ಎಲ್ಲವನ್ನೂ ಎರಡೆರಡು ಸಲ ವಿವರಿಸುವ ಚಾಳಿ ಬೇರೆ. ಬೇಜಾರಾದರೆ ಸಹಿಸಿಕೊಳ್ಳಿ.

ಭೂಮಿ ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ, ಕತ್ತಲೆ ಎಂಬುದನ್ನು ಯಾರೂ ಮಾಡಿಯೇ ಇರಲಿಲ್ಲ. ಸೂರ್ಯ ಆಕಾಶದ ನಡುವೆ ಕೂತವನು ಕೂತೇ ಇದ್ದ.

ಆಗ ಕೆಂಚವ್ವ ಎಂಬ ತಾಯಿ ಇದ್ದಳು. ಅವಳು ಕಂಬಳಿ ನೇಯುವವಳು. ಅವಳ ಮಗು ಈರ ಹುಣಸೆ ಕೊಂಬೆಗೆ ಕಟ್ಟಿದ ಜೋಳಿಗೆಯಲ್ಲಿ ಮಲಗುತ್ತಿತ್ತು. ಜೋಳಿಗೆ ಎಂದರೆ ಬಟ್ಟೆಯ ತೊಟ್ಟಿಲು. ಮಲಗುತ್ತಿತ್ತು, ಬೆಚ್ಚಿ ಏಳುತ್ತಿತ್ತು. ಮತ್ತೆ ಮಲಗುತ್ತಿತ್ತು, ಮತ್ತೆ ಏಳುತ್ತಿತ್ತು. ಕಣ್ಣು ಕೆಂಪಗಾಗಿತ್ತು. ಹಾಲು ಸೇರುತ್ತಿರಲಿಲ್ಲ. ಮೈ ಬೆಳೆಯುತ್ತಲೇ ಇರಲಿಲ್ಲ.

"ಗಾಳಿಯಣ್ಣಾ, ನನ್ನ ಕೂಸು ಹಿಂಗ್ಯಾಕೆ ಸೊರಗ್ತಾ ಐತೆ?" ಎಂದು ಕೆಂಚವ್ವ ಅತ್ತಳು.

"ನಿದ್ದೆಗೆ ಬಲು ನಾಚಿಕೆ ತಂಗೀ," ಎಂದಿತು ಗಾಳಿ. "ಕಣ್ಣಿನ ಬಾಗಿಲ ತನಕ ಬರ್ತಾಳೆ. ಬೆಳಕು ಕಂಡರೆ ಹೊಸಿಲಲ್ಲೇ ಕೂತು ಎದ್ದು ಹೋಗ್ತಾಳೆ. ಒಳಗೆ ಬಂದರಲ್ಲವೇ ಮಗು ಬೆಳೆಯೋದು?"

ಕೆಂಚವ್ವ ಕಣ್ಣೊರೆಸಿಕೊಂಡಳು. ಕರಿ ಕುರಿಯ ಉಣ್ಣೆ ಕತ್ತರಿಸಿದಳು, ನೂಲು ತೆಗೆದಳು. ಹುಣಸೆ ಬೀಜ ಅರೆದು ಗಂಜಿ ಕಾಯಿಸಿ ನೂಲಿಗೆ ಬಳಿದಳು. ಗಂಜಿ ಯಾಕೆಂದರೆ, ಅದಿಲ್ಲದಿದ್ದರೆ ನೂಲು ಮಗ್ಗದಲ್ಲಿ ತುಂಡಾಗುತ್ತದೆ. ಆಕಾಶದಷ್ಟು ಅಗಲದ ಕಂಬಳಿ ನೇಯ್ದಳು. ಗಾಳಿ ಅದನ್ನು ಎತ್ತಿ ಹಾಸಿತು.

"ನನಗೂ ಬೆನ್ನು ನೋಯ್ತಿತ್ತು ಕಣವ್ವಾ," ಎಂದು ಸೂರ್ಯ ಅದರ ಹಿಂದೆ ಉರುಳಿಕೊಂಡ.

ಮೊದಲ ಕತ್ತಲೆ ಬಂತು. ನಿದ್ದೆ ಹೊಸಿಲು ದಾಟಿ ಒಳಗೆ ಬಂದಳು. ಈರನ ರೆಪ್ಪೆ ಭಾರವಾಯಿತು. ಅಷ್ಟರಲ್ಲಿ ಈರ ಕಿಟಾರನೆ ಕಿರುಚಿ ಎದ್ದ!

ಕೆಂಚವ್ವ ನೇಯುವವಳಲ್ಲವೇ, ಅವಳಿಗೆ ಹೊಳೆದದ್ದು ಒಂದೇ: ಕಂಬಳಿ ತೆಳುವಾಯಿತು. ಇನ್ನೊಂದು ನೇಯ್ದಳು. ಈರ ಎದ್ದ. ಮತ್ತೊಂದು ನೇಯ್ದಳು. ಈರ ಎದ್ದ. ಮತ್ತೆ ಕತ್ತರಿ ಹಿಡಿದು ಕುರಿಯ ಹತ್ತಿರ ಹೋದಳು.

"ಎವ್ವಾ, ಮೈಮೇಲೆ ಒಂದೆಳೆ ಉಳಿದಿಲ್ಲ. ಇನ್ನು ಚರ್ಮ ನೇಯ್ತೀಯೇನು?" ಎಂದಿತು ಕುರಿ ಚಳಿಗೆ ನಡುಗುತ್ತಾ. "ಕೂಸಿನ ಕಣ್ಣಿಗೆ ಮೂರು ಕಂಬಳಿ ಹೊದಿಸಿದೆ. ಅದರ ಕಿವಿಗೆ ಏನು ಹೊದಿಸಿದೆ, ಹೇಳು?"

ಕೆಂಚವ್ವ ಕತ್ತರಿ ಕೆಳಗಿಟ್ಟಳು. ಕಿವಿಗೊಟ್ಟಳು. ತಲೆಯ ಮೇಲೆ ಹುಣಸೆಯ ಚಿಕ್ಕ ಎಲೆಗಳೆಲ್ಲ ಒಂದಕ್ಕೊಂದು ತಿಕ್ಕಿ ಸರಸರ, ಸರಸರ ಎನ್ನುತ್ತಿದ್ದವು. ನಿದ್ದೆ ಒಳಗೆ ಬರುತ್ತಿದ್ದಳು, ಸದ್ದಿಗೆ ಬೆದರಿ ಓಡುತ್ತಿದ್ದಳು.

"ನಿಂದಾ ಈ ಸದ್ದು?"

ಮರದ ಮುಖ ಬಾಡಿಹೋಯಿತು. "ನಾನು ಜೋಗುಳ ಹಾಡ್ತಿದ್ದೆ ಕೆಂಚವ್ವಾ. ಕೊಂಬೆ ಕೊಟ್ಟೆ, ಬೀಜ ಕೊಟ್ಟೆ. ಹಾಡೂ ಕೊಡೋಣ ಅಂತ..."

ಕೆಂಚವ್ವನಿಗೆ ಬೈಯಲು ಮನಸ್ಸಾಗಲಿಲ್ಲ. ಕಾಂಡವನ್ನು ಸವರಿದಳು. "ನಿನ್ನ ಹಾಡು ಚಂದ ಐತಮ್ಮಾ. ಆದ್ರೆ ಜೋಗುಳ ಅನ್ನೋದು ಕಣ್ಣು ಮುಚ್ಚೋ ತನಕ. ಆಮೇಲೆ ಸುಮ್ಮನಾಗಬೇಕು."

"ಇಷ್ಟೊಂದು ಎಲೆ. ಹ್ಯಾಂಗೆ ಸುಮ್ಮನಿರಿಸಲಿ?"

ಕೆಂಚವ್ವ ತನ್ನ ಎರಡು ಅಂಗೈ ಜೋಡಿಸಿ ತೋರಿಸಿದಳು. ಮರ ನೋಡಿತು. ಒಂದು ಜೊತೆ ಎಲೆ ಹಾಗೇ ಜೋಡಿಸಿತು. ಇನ್ನೊಂದು ಜೊತೆ. ಮತ್ತೊಂದು ಜೊತೆ. ಸರಸರ ಸಣ್ಣದಾಯಿತು. ಆಮೇಲೆ ನಿಂತೇಹೋಯಿತು.

ಕತ್ತಲೆ ಇತ್ತು. ಮೌನ ಇತ್ತು. ನಿದ್ದೆ ಬಂದವಳು ಈ ಸಲ ಕಾಲು ಚಾಚಿ ಕೂತಳು. ಈರ ಒಮ್ಮೆಯೂ ಏಳಲಿಲ್ಲ. ಬೆಚ್ಚಿ ಎದ್ದವಳು ಕೆಂಚವ್ವ! ಮೂಗಿನ ಹತ್ತಿರ ಬೆರಳಿಟ್ಟು, ಉಸಿರು ಬೆಚ್ಚಗೆ ತಾಗಿದ ಮೇಲೆ ಅವಳೂ ಮಲಗಿದಳು.

ಗಾಳಿ ಕಂಬಳಿ ಎಳೆದು ಬೆಳಕು ಬಿಟ್ಟಾಗ ಈರ ನಗುತ್ತಾ ಎದ್ದ. ಹೊಟ್ಟೆ ತುಂಬ ಹಾಲು ಕುಡಿದ. ದಿನದಿಂದ ದಿನಕ್ಕೆ ಮೈ ಕೈ ತುಂಬಿಕೊಂಡ.

ಅದಕ್ಕೇ ನೋಡಿ, ಇವತ್ತಿಗೂ ಸಂಜೆ ಕತ್ತಲಾಗುತ್ತಿದ್ದಂತೆ ಹುಣಸೆ ಮರ ತನ್ನ ಎಲೆಗಳನ್ನೆಲ್ಲ ಜೊತೆಜೊತೆಯಾಗಿ ಜೋಡಿಸಿ ಸುಮ್ಮನಾಗುತ್ತದೆ. ಹೇಗೆ ಜೋಡಿಸುತ್ತದೆ ಎಂದರೆ, ಪ್ರತಿ ಎಲೆಯ ಬುಡದಲ್ಲಿ ಒಂದು ಚಿಕ್ಕ ಗಂಟಿನ ಹಾಗೆ ಇರುತ್ತದೆ, ಗಂಟು ಅಂದರೆ ದಾರದ ಗಂಟಲ್ಲ, ಅದು...

"ರೀ! ಪಾಪು ಈಗ ತಾನೇ ಮಲಗಿದೆ. ಹುಣಸೆ ಮರಕ್ಕಿರೋ ಬುದ್ಧಿ ನಿಮಗಿಲ್ವಾ? ದೀಪ ಆರಿಸಿ ಒಳಗೆ ಬನ್ನಿ."